ಧಾನ್ಯವೂ ನಾಣ್ಯವೂ: ಮುಂಬಯಿಯ ಅರ್ಥಶಾಸ್ತ್ರ ಪಂಥದ ಒಂದು ವಿಮರ್ಶೆ

ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಸಂಸ್ಥೆಯೊಂದು ಮೂರು ಕೆಲಸಗಳನ್ನು ಮಾಡಬೇಕೆಂದು ಸಾಮಾನ್ಯವಾಗಿ ನಿರೀಕ್ಷಿಸಲಾಗುತ್ತದೆ. ಅದು ವಿದ್ಯಾರ್ಥಿಗಳಿಗೆ ಪಾಠ ಹೇಳಬೇಕು; ದೇಶದ ಆರ್ಥಿಕ ಸ್ಥಿತಿಗತಿಗಳ ಸಂಶೋಧನೆ ನಡೆಸಬೇಕು; ಆಳುವವರು ಕೇಳಲಿ ಕೇಳದಿರಲಿ, ಸಾರ್ವಜನಿಕ ನೀತಿಯ ವಿಷಯದಲ್ಲಿ ಮಾತನಾಡಬೇಕು. ಮೊದಲಿನ ಎರಡನ್ನು ಸಾಧಿಸಿರುವ ಸಂಸ್ಥೆಗಳು ಭಾರತದಲ್ಲಿ ಸಾಕಷ್ಟಿವೆ. ಮೂರನೆಯದನ್ನು ದೀರ್ಘಕಾಲ ನಡೆಸಿಕೊಂಡು ಬಂದು, ಅದರಿಂದ ಕೀರ್ತಿಯನ್ನೂ ಅಪಕೀರ್ತಿಯನ್ನೂ ಪಡೆದವು ಕೆಲವೇ. ಅವುಗಳ ಪೈಕಿ ಮುಂಬಯಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗಕ್ಕೆ ಅಗ್ರಸ್ಥಾನ ಸಲ್ಲಬೇಕು. ಆದರೆ ಆ ವಿಭಾಗವನ್ನು ಕುರಿತು ಬಂದಿರುವ ಬರಹಗಳಲ್ಲಿ ಬಹುಪಾಲು ಗುರುಸ್ತುತಿಯಾಗಿಯೇ ಉಳಿದಿವೆ. ಅದು ಹೇಳಿದ್ದು ಸರಿಯಾಗಿತ್ತೇ, ಎಷ್ಟರ ಮಟ್ಟಿಗೆ ಸರಿಯಾಗಿತ್ತು, ಒಂದು ಸಲ ಹೇಳಿದುದನ್ನು ಇನ್ನೊಂದು ಸಲ ತಾನೇ ಮರೆಯಿತೇ ಎಂಬ ಪ್ರಶ್ನೆಗಳನ್ನು ಎತ್ತಿದವರು ವಿರಳ.

1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯ ಬಹುಕಾಲ ಪರೀಕ್ಷೆ ನಡೆಸಿ ಪದವಿ ಕೊಡುವ ಕೆಲಸವನ್ನೇ ಮುಖ್ಯವಾಗಿ ಮಾಡುತ್ತಿದ್ದಿತು. ಪಾಠಪ್ರವಚನವೆಲ್ಲ ಕಾಲೇಜುಗಳ ಪಾಲಿನದು. 1919ರಲ್ಲಿ ಸಮಾಜಶಾಸ್ತ್ರಕ್ಕೆ ಪ್ಯಾಟ್ರಿಕ್ ಗೆಡ್ಡೀಸರನ್ನು ಕರೆತಂದ ಮೇಲೆ, 1921ರ ಸುಮಾರಿಗೆ ಅರ್ಥಶಾಸ್ತ್ರದ ಶಾಖೆಯೂ ಸೇರಿಕೊಂಡು ಅರ್ಥಶಾಸ್ತ್ರ ಮತ್ತು ಸಮಾಜಶಾಸ್ತ್ರ ಶಾಲೆ ಎಂಬ ಹೆಸರಿನಿಂದ ಸ್ನಾತಕೋತ್ತರ ಬೋಧನೆ ಆರಂಭವಾಯಿತು. ಲಂಡನ್ನಿನಲ್ಲಿ ಓದಿ ಬಂದ ಕೆ. ಟಿ. ಶಾ ಹಾಗೂ ಸಿ. ಎನ್. ವಕೀಲ್ ಇಬ್ಬರೂ ಆ ಮೊದಲ ದಶಕದಲ್ಲಿ ಅಲ್ಲಿದ್ದವರು. ಶಾ ಅವರು ಮುಂದೆ 1938ರ ರಾಷ್ಟ್ರೀಯ ಯೋಜನಾ ಸಮಿತಿಯ ಕಾರ್ಯದರ್ಶಿಯಾದರು. ಶಾಲೆಯಲ್ಲಿಯೇ ನಿಂತು ಅದಕ್ಕೆ ಒಂದು ಸ್ವಭಾವವನ್ನು ತಂದುಕೊಟ್ಟವರು ವಕೀಲರು. ಇಂದು ಆ ವಿಭಾಗವಿರುವುದು ಕಲೀನಾದ ವಿದ್ಯಾನಗರಿಯ ರಾನಡೆ ಭವನದಲ್ಲಿ; ಹೆಸರೂ ಮುಂಬಯಿ ಅರ್ಥಶಾಸ್ತ್ರ ಮತ್ತು ಸಾರ್ವಜನಿಕ ನೀತಿಯ ಶಾಲೆ ಎಂದು ಬದಲಾಗಿದೆ. ನೀತಿ ಎಂಬ ಪದ ಹೆಸರಿಗೆ ಸೇರಿದ್ದು ಈಚೆಗಾದರೂ ಸಂಸ್ಥೆಯ ಕಸುಬಿನಲ್ಲಿ ಅದು ಮೊದಲಿನಿಂದಲೂ ಇದ್ದಿತು.

ವಕೀಲರ ರೀತಿಯನ್ನು ಅವರ ಪುಸ್ತಕಗಳ ಸಾಲೇ ತಿಳಿಸುತ್ತದೆ. 1924ರಲ್ಲಿ ಪ್ರಕಟವಾದದ್ದು 1860ರಿಂದ ಮುಂದಿನ ಭಾರತದ ಸರಕಾರೀ ಹಣಕಾಸಿನ ಚರಿತ್ರೆ. ಹಿಲ್ಟನ್ ಯಂಗ್ ಆಯೋಗವು ರೂಪಾಯಿಗೆ ಹದಿನೆಂಟು ಪೆನ್ಸಿನ ದರವನ್ನು ಶಿಫಾರಸು ಮಾಡಿ, ಹದಿನಾರು ಪೆನ್ಸೇ ಸರಿಯೆಂದು ಪುರುಷೋತ್ತಮದಾಸ ಠಾಕೂರದಾಸರು ಭಿನ್ನಮತ ಬರೆದ ಮರುವರ್ಷ, 1927ರಲ್ಲಿ, ಮುರಂಜನರೊಡನೆ ಬರೆದ ನಾಣ್ಯ ಮತ್ತು ಬೆಲೆಗಳನ್ನು ಕುರಿತ ಗ್ರಂಥ ಹೊರಬಂದಿತು. 1943ರಲ್ಲಿ ಬಂದ ‘ದಿ ಫಾಲಿಂಗ್ ರುಪೀ’ ಯುದ್ಧಕಾಲದ ಹಣದುಬ್ಬರವನ್ನು ಕುರಿತದ್ದು. 1939ರ ಆಗಸ್ಟ್ ತಿಂಗಳಲ್ಲಿ ಸುಮಾರು 180 ಕೋಟಿ ರೂಪಾಯಿಗಳಷ್ಟಿದ್ದ ನೋಟಿನ ಚಲಾವಣೆ ಯುದ್ಧ ಮುಗಿಯುವ ಹೊತ್ತಿಗೆ ಸಾವಿರ ಕೋಟಿಯನ್ನು ದಾಟಿದ್ದಿತು. ಲಂಡನ್ನಿನಲ್ಲಿ ಪೌಂಡು ಜಮೆಯಾಗುತ್ತಿದ್ದಿತು, ಇಲ್ಲಿ ಅದರ ಆಧಾರದ ಮೇಲೆ ನೋಟು ಅಚ್ಚಾಗುತ್ತಿದ್ದಿತು, ಪೇಟೆಯಲ್ಲಿ ಧಾನ್ಯ ಕಾಣದಾಗುತ್ತಿದ್ದಿತು. ಆಯವ್ಯಯಪತ್ರ, ರಿಜರ್ವ್ ಬ್ಯಾಂಕಿನ ವಾರದ ಲೆಕ್ಕ, ಪೇಟೆಯ ಧಾರಣೆ, ಈ ಮೂರನ್ನು ಎದುರಿಗಿಟ್ಟುಕೊಂಡು ಸರಕಾರವನ್ನು ಪ್ರಶ್ನಿಸುವುದು ಅವರ ಪದ್ಧತಿ. ಸಿದ್ಧಾಂತದ ಅಲಂಕಾರ ಅದರಲ್ಲಿ ಕಡಿಮೆ. ಹಣದ ಪ್ರಮಾಣದ ಮೇಲೆ ಸದಾ ಕಣ್ಣಿಟ್ಟಿರುವ ಈ ಎಚ್ಚರ ಮುಂಬಯಿ ಪಂಥದ ಗುಣವೂ ಆಯಿತು, ಮುಂದೆ ಕಾಣುವಂತೆ, ಅದರ ಒಂದು ಮಿತಿಯೂ ಆಯಿತು.

ವಕೀಲರ ಅನಂತರದವರಲ್ಲಿ ಇಬ್ಬರ ಹೆಸರನ್ನಾದರೂ ಹೇಳದೆ ಮುಂದುವರಿಯುವುದು ನ್ಯಾಯವಲ್ಲ. ಕೃಷಿ ಅರ್ಥಶಾಸ್ತ್ರದ ಎಂ. ಎಲ್. ದಾಂತವಾಲರು ಗಾಂಧೀಜಿಯವರ ಧರ್ಮದರ್ಶಿತ್ವ ತತ್ತ್ವದ ಕರಡನ್ನು ಸಿದ್ಧಪಡಿಸಿದವರಲ್ಲಿ ಒಬ್ಬರು; 1965ರಲ್ಲಿ ಕೃಷಿ ಬೆಲೆಗಳ ಆಯೋಗ ರಚಿತವಾದಾಗ ಅದರ ಮೊದಲನೆಯ ಅಧ್ಯಕ್ಷರು. ಡಿ. ಟಿ. ಲಕಡಾವಾಲರು ಯೋಜನಾ ಆಯೋಗದ ಉಪಾಧ್ಯಕ್ಷರಾದರು. ಬಡತನದ ಅಳತೆಯನ್ನು ಕುರಿತ 1993ರ ತಜ್ಞವರದಿ ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧ. 1963ರಲ್ಲಿ ಲಕಡಾವಾಲ ಮತ್ತು ಸಂಗಡಿಗರು ಪ್ರಕಟಿಸಿದ ಮುಂಬಯಿ ನಗರದ ಆರ್ಥಿಕ ಸಮೀಕ್ಷೆ ಹೊರನಾಡ ಕನ್ನಡಿಗರು ವಿಶೇಷವಾಗಿ ನೋಡಬೇಕಾದ ಗ್ರಂಥ. ಊರು ಬಿಟ್ಟು ಬಂದವರೇ ತುಂಬಿದ ನಗರದಲ್ಲಿ ಕೆಲಸ, ಕೂಲಿ, ಬದುಕು ಇವುಗಳ ಲೆಕ್ಕವನ್ನು ಮನೆ ಮನೆಗೆ ಹೋಗಿ ತೆಗೆದ ಕೆಲಸವದು. ನಮ್ಮ ಸಂಘಸಂಸ್ಥೆಗಳ ಸ್ಮರಣಸಂಚಿಕೆಗಳಲ್ಲಿ ಕನ್ನಡಿಗರ ಸಾಹಸದ ವರ್ಣನೆ ಧಾರಾಳವಾಗಿದೆ. ಅಂಥ ಲೆಕ್ಕ ಇಲ್ಲ.

ಈ ಸಂಸ್ಥೆಗೂ ಕನ್ನಡನಾಡಿಗೂ ಇರುವ ಸಂಬಂಧ ಮೇಲುನೋಟಕ್ಕೆ ಕಾಣುವುದಕ್ಕಿಂತ ಗಾಢವಾದುದು. ವಕೀಲರ ಬಳಿ ಓದಿದ ವಿ. ಕೆ. ಆರ್. ವಿ. ರಾವ್ ಅವರು ಕೇಂಬ್ರಿಜ್ಜಿಗೆ ಹೋಗಿ ಭಾರತದ ರಾಷ್ಟ್ರೀಯ ವರಮಾನವನ್ನು ಶಾಸ್ತ್ರೀಯವಾಗಿ ಅಳೆದು, 1949ರಲ್ಲಿ ದಿಲ್ಲಿಯ ಅರ್ಥಶಾಸ್ತ್ರ ಶಾಲೆಯನ್ನೂ, 1958ರಲ್ಲಿ ಅಲ್ಲಿಯೇ ಆರ್ಥಿಕ ಬೆಳವಣಿಗೆಯ ಸಂಸ್ಥೆಯನ್ನೂ, 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆಯನ್ನೂ ಕಟ್ಟಿದರು. ನಡುವೆ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾದದ್ದೂ ಉಂಟು. ಬೆಂಗಳೂರಿನಲ್ಲಿ 1926ರಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ, ಮುಂಬಯಿಗೆ ಬಂದು ವಕೀಲರ ಶಿಷ್ಯರಾಗಿ, ಸಹೋದ್ಯೋಗಿಯಾಗಿ, ಕೊನೆಗೆ ಆ ವಿಭಾಗದ ನಿರ್ದೇಶಕರಾಗಿ ನಿಂತವರು ಪಿ. ಆರ್. ಬ್ರಹ್ಮಾನಂದ. ಈ ಇಬ್ಬರ ದಾರಿ ಬೇರೆ ಬೇರೆ. ರಾವ್ ಅವರು ಕಟ್ಟಾಳು. ಸರಕಾರದ ನೆರವನ್ನು ಪಡೆಯುತ್ತ, ಒಂದರ ಮೇಲೊಂದು ಸಂಸ್ಥೆಯನ್ನು ನಿಲ್ಲಿಸುತ್ತ ಹೋದವರು. ಬ್ರಹ್ಮಾನಂದರು ಒಂದೇ ಕಡೆ ಕುಳಿತು ಒಂದೇ ವಿಚಾರವನ್ನು ಐವತ್ತು ವರ್ಷ ಅಗೆದವರು. ಆ ವಿಚಾರವೇ ಈ ಪಂಥದ ತಿರುಳಾದುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸಬೇಕು.

1956ರಲ್ಲಿ ಎರಡನೆಯ ಪಂಚವಾರ್ಷಿಕ ಯೋಜನೆ ಆರಂಭವಾಯಿತು. ಸಾರ್ವಜನಿಕ ವೆಚ್ಚ 4,800 ಕೋಟಿ ರೂಪಾಯಿ. ಅದರಲ್ಲಿ 1,200 ಕೋಟಿಯನ್ನು ಕೊರತೆಯ ಹಣಕಾಸಿನಿಂದ, ಎಂದರೆ ಸಾರಾಂಶದಲ್ಲಿ ಹೊಸ ನೋಟಿನಿಂದ, ಒದಗಿಸುವುದೆಂದು ನಿಶ್ಚಯವಾಗಿದ್ದಿತು. ಮೊದಲನೆಯ ಯೋಜನೆಯಲ್ಲಿ ಕೃಷಿ ಮತ್ತು ಸಮುದಾಯಾಭಿವೃದ್ಧಿಗೆ ಶೇಕಡಾ 15.1ರಷ್ಟಿದ್ದ ಪಾಲು 11.8ಕ್ಕೆ ಇಳಿದು, ಉದ್ಯಮ ಮತ್ತು ಗಣಿಗಳ ಪಾಲು ಶೇಕಡಾ 7.6ರಿಂದ 18.5ಕ್ಕೆ ಏರಿತು. ಮಹಲನೋಬಿಸರ ವಾದ ಸರಳವಾಗಿದ್ದು ಆಕರ್ಷಕವೂ ಆಗಿದ್ದಿತು: ಯಂತ್ರ ಮಾಡುವ ಯಂತ್ರ ದೇಶದಲ್ಲಿಯೇ ಆದರೆ ಮುಂದಿನ ಬೆಳವಣಿಗೆಗೆ ತಡೆಯೇ ಇಲ್ಲ, ಉಕ್ಕು ಇದ್ದರೆ ಉಳಿದುದೆಲ್ಲ ಕ್ರಮವಾಗಿ ಹಿಂದೆ ಬರುತ್ತದೆ. ದೇಶವಿದೇಶಗಳ ಪಂಡಿತರು ಈ ಮಾದರಿಯನ್ನು ಕೊಂಡಾಡಿದರು.

ಅದೇ ವರ್ಷ ವಕೀಲ್ ಮತ್ತು ಬ್ರಹ್ಮಾನಂದರ ‘ಪ್ಲಾನಿಂಗ್ ಫಾರ್ ಆನ್ ಎಕ್ಸ್‌ಪ್ಯಾಂಡಿಂಗ್ ಎಕಾನಮಿ’ ಪ್ರಕಟವಾಯಿತು. ಯೋಜನೆ ಬೇಡವೆಂದು ಅವರು ಹೇಳಲಿಲ್ಲ; ಯೋಜನೆಯ ಕ್ರಮ ತಲೆಕೆಳಗಾಗಿದೆಯೆಂದರು. ಹಳ್ಳಿಗಳಲ್ಲಿ ಮರೆಯಾಗಿರುವ ನಿರುದ್ಯೋಗವಿದೆ. ನಾಲ್ವರು ಮಾಡುವ ಹೊಲದ ಕೆಲಸಕ್ಕೆ ಆರು ಜನರಿದ್ದಾರೆ. ಇಬ್ಬರನ್ನು ಅಲ್ಲಿಂದ ತೆಗೆದು ಕಾಲುವೆ, ರಸ್ತೆ, ಕಾರಖಾನೆಗಳ ಕೆಲಸಕ್ಕೆ ಹಾಕಿದರೆ ಬೆಳೆ ಕುಂದದೆ ಬಂಡವಾಳ ಬೆಳೆಯುತ್ತದೆ. ಇಲ್ಲಿಯವರೆಗೆ ಎಲ್ಲರೂ ಒಪ್ಪುವ ಮಾತೇ. ಆದರೆ ಆ ಇಬ್ಬರ ಊಟ ಅವರ ಹಿಂದೆಯೇ ಹೋಗುತ್ತದೆಯೇ? ಉಳಿದ ನಾಲ್ವರು ಹಿಂದೆ ಅರೆಹೊಟ್ಟೆ ಉಣ್ಣುತ್ತಿದ್ದವರು. ಪಾಲುದಾರರು ಕಡಿಮೆಯಾದೊಡನೆ ಅವರು ಸ್ವಲ್ಪ ಹೆಚ್ಚು ಉಣ್ಣುತ್ತಾರೆ, ಉಣ್ಣಬೇಕಾದದ್ದೂ ನ್ಯಾಯವೇ. ಹಾಗಾದರೆ ಹೊಸ ಕೆಲಸಗಾರನ ಕೈಗೆ ಹಣ ಬಂದರೂ ಪೇಟೆಗೆ ಧಾನ್ಯ ಬರುವುದಿಲ್ಲ. ಆದುದರಿಂದ ಬೆಳವಣಿಗೆಗೆ ನಿಜವಾದ ಅಡಚಣೆ ಉಕ್ಕಿನದಲ್ಲ, ಹಣದ್ದೂ ಅಲ್ಲ; ದುಡಿಯುವವನು ಕೂಲಿಯಿಂದ ಕೊಳ್ಳುವ ಧಾನ್ಯ, ಬಟ್ಟೆ, ಎಣ್ಣೆ, ಬೆಲ್ಲ ಮುಂತಾದವುಗಳ ಸಂಗ್ರಹದ್ದು. ಇವನ್ನೇ ಅವರು ವೇತನ ಸರಕುಗಳು ಎಂದು ಕರೆದರು. ಈ ಸಂಗ್ರಹ ಎಷ್ಟು ಬೆಳೆಯುವುದೋ ಅದರ ಹಲವು ಪಟ್ಟು ಉದ್ಯೋಗ ಬೆಳೆಯಬಲ್ಲದು. ಅದು ಬೆಳೆಯದಿದ್ದರೆ ಅಚ್ಚಾದ ನೋಟೆಲ್ಲ ಬೆಲೆಯೇರಿಕೆಯಾಗಿಯೇ ಹೊರಬೀಳುತ್ತದೆ.

ಮುಂಬಯಿಯಲ್ಲಿರುವ ಕನ್ನಡಿಗನಿಗೆ ಇದನ್ನು ತಿಳಿಯಲು ಬೀಜಗಣಿತ ಬೇಡ. ಉಡುಪಿ ಹೋಟೆಲಿನ ಹಳೆಯ ಏರ್ಪಾಡೇ ಸಾಕು. ಊರಿನಿಂದ ಬಂದ ಹುಡುಗನಿಗೆ ಎರಡು ಹೊತ್ತಿನ ಊಟ, ತಿಂಡಿ, ಮಲಗಲು ಜಾಗ. ಮೇಲೆ ತಿಂಗಳಿಗೆ ಊರಿಗೆ ಮನಿಯಾರ್ಡರು ಮಾಡುವಷ್ಟು ಸಂಬಳ. ಇನ್ನು ಹತ್ತು ಜನರನ್ನು ಸೇರಿಸಿಕೊಳ್ಳಬೇಕಾದರೆ ಯಜಮಾನನು ಮೊದಲು ನೋಡುವುದು ಹಣದ ಪೆಟ್ಟಿಗೆಯನ್ನಲ್ಲ, ಉಗ್ರಾಣದ ಅಕ್ಕಿಯನ್ನು. ದೇಶವೆಂಬ ಹೋಟೆಲಿನ ಯಜಮಾನರು ಉಗ್ರಾಣವನ್ನು ನೋಡದೆಯೇ ಹುಡುಗರನ್ನು ಕರೆದರು ಎಂಬುದು ಮುಂಬಯಿ ಪಂಥದ ಆಕ್ಷೇಪ.

ಇದೇ ಕಾಲದಲ್ಲಿ ಬಂದ ಇನ್ನೊಂದು ಆಕ್ಷೇಪದಿಂದ ಇದನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಮಂಗಳೂರಿನ ಕಡೆಯ ಬೆಳ್ಳಿಕೋತ್ ಎಂಬಲ್ಲಿ ಹುಟ್ಟಿದ ಬಿ. ಆರ್. ಶೆಣೈ ಅವರು 1955ರ ಅರ್ಥಶಾಸ್ತ್ರಜ್ಞರ ಮಂಡಲಿಯಲ್ಲಿ ಒಬ್ಬರೇ ಭಿನ್ನಮತದ ಟಿಪ್ಪಣಿ ಬರೆದರು. ಕೊರತೆಯ ಹಣಕಾಸು ಮಿತಿ ಮೀರಿದೆ, ಉಳಿತಾಯಕ್ಕೆ ಮೀರಿದ ಯೋಜನೆ ಹಣದುಬ್ಬರಕ್ಕೂ ನಿಯಂತ್ರಣಗಳಿಗೂ ದಾರಿಯಾಗುವುದು ಎಂಬುದು ಅವರ ವಾದ. ಶೆಣೈಯವರಿಗೆ ದೋಷ ಕಂಡದ್ದು ಯೋಜನೆಯ ಗಾತ್ರದಲ್ಲಿ, ಸರಕಾರದ ಕೈಯಲ್ಲಿ. ವಕೀಲ್-ಬ್ರಹ್ಮಾನಂದರಿಗೆ ಕಂಡದ್ದು ಯೋಜನೆಯ ಒಳರಚನೆಯಲ್ಲಿ. ರಾವ್ ಅವರೂ 1952ರಲ್ಲಿಯೇ, ಕೇನ್ಸರ ಗುಣಕ ಸಿದ್ಧಾಂತ ಹಿಂದುಳಿದ ದೇಶದಲ್ಲಿ ನಡೆಯುವುದಿಲ್ಲ, ಏಕೆಂದರೆ ಬೇಡಿಕೆ ಹೆಚ್ಚಿದೊಡನೆ ಧಾನ್ಯದ ಉತ್ಪತ್ತಿ ಹೆಚ್ಚುವುದಿಲ್ಲ ಎಂದು ತೋರಿಸಿದ್ದರು. ಕನ್ನಡನಾಡಿನ ಸಂಬಂಧವುಳ್ಳ ಮೂವರು ಮೂರು ದಿಕ್ಕಿನಿಂದ ಬಂದು ಒಂದೇ ಬಾಗಿಲನ್ನು ತಟ್ಟಿದರೆನ್ನಬಹುದು. ಬಾಗಿಲು ತೆರೆಯಲಿಲ್ಲ.

ಘಟನೆಗಳು ಏನು ಹೇಳಿದವು? 1955-56ರಲ್ಲಿ 6.69 ಕೋಟಿ ಟನ್ನಿನಷ್ಟಿದ್ದ ಆಹಾರಧಾನ್ಯದ ಉತ್ಪತ್ತಿ 1957-58ರಲ್ಲಿ 6.43 ಕೋಟಿಗೆ ಇಳಿಯಿತು. ವಿದೇಶೀ ವಿನಿಮಯದ ಬಿಕ್ಕಟ್ಟು ಅದೇ ಹೊತ್ತಿಗೆ ತಲೆದೋರಿತು. 1956ರ ಆಗಸ್ಟ್‌ನಲ್ಲಿ ಅಮೆರಿಕದೊಡನೆ ಪಿ. ಎಲ್. 480ರ ಒಪ್ಪಂದವಾಗಿ ಗೋಧಿಯ ಹಡಗುಗಳು ಬರತೊಡಗಿದವು. 1965-66ರಲ್ಲಿ ಮಳೆ ಕೈಕೊಟ್ಟು ಉತ್ಪತ್ತಿ 8.94 ಕೋಟಿ ಟನ್ನಿನಿಂದ 7.23 ಕೋಟಿಗೆ ಬಿದ್ದಾಗ ಒಂದೇ ವರ್ಷದಲ್ಲಿ ಸುಮಾರು ಒಂದು ಕೋಟಿ ಟನ್ನು ಧಾನ್ಯವನ್ನು ಹೊರಗಿನಿಂದ ತರಿಸಬೇಕಾಯಿತು. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾಯಿತು. ಯೋಜನೆಗೇ ಮೂರು ವರ್ಷ ರಜೆ ಸಿಕ್ಕಿತು. ಹತ್ತು ವರ್ಷಗಳ ಹಿಂದೆ ಬರೆದಿಟ್ಟ ಎಚ್ಚರಿಕೆ ಇಷ್ಟು ಸ್ಪಷ್ಟವಾಗಿ ಫಲಿಸಿದ ನಿದರ್ಶನ ಭಾರತೀಯ ಅರ್ಥಶಾಸ್ತ್ರದಲ್ಲಿ ಬೇರೊಂದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು.

ಅಷ್ಟಾದರೂ ಗ್ರಂಥವನ್ನು ನಿರ್ದುಷ್ಟವೆನ್ನುವಂತಿಲ್ಲ. ಧಾನ್ಯ ಬೇಕು ಎಂಬುದು ಸರಿ. ಧಾನ್ಯ ಹೇಗೆ ಹೆಚ್ಚುತ್ತದೆ ಎಂಬಲ್ಲಿ ಅದರ ವಾದ ತೆಳುವಾಗುತ್ತದೆ. ಬೇಸಾಯದಲ್ಲಿ ಅಲ್ಪ ಬಂಡವಾಳಕ್ಕೆ ಶೀಘ್ರ ಫಲ ಬರುತ್ತದೆಂಬ ನಂಬಿಕೆ ಅದರ ಬೆನ್ನಿಗಿದೆ. 1960ರ ದಶಕದ ಕೊನೆಯಲ್ಲಿ ಪಂಜಾಬಿನಲ್ಲಿ ಬೆಳೆ ಹೆಚ್ಚಿದ್ದು ಹೊಸ ಬೀಜದ ಜೊತೆಗೆ ರಸಗೊಬ್ಬರ, ಕೊಳವೆ ಬಾವಿ, ಪಂಪು, ವಿದ್ಯುತ್ತು ಒಟ್ಟಿಗೆ ಬಂದಾಗ. ಗೊಬ್ಬರದ ಕಾರಖಾನೆಗೂ ಪಂಪಿಗೂ ಉಕ್ಕು ಬೇಕಷ್ಟೆ. ಮಹಲನೋಬಿಸರ ಪಕ್ಷದವರು ಈ ಮಾತನ್ನು ಹಿಡಿದರೆ ಉತ್ತರ ಹೇಳುವುದು ಸುಲಭವಲ್ಲ. ಎರಡನೆಯದಾಗಿ, ನೆಲದ ಒಡೆತನ, ಗೇಣಿ, ಸಾಹುಕಾರನ ಸಾಲ ಇವು ಧಾನ್ಯದ ದಾರಿಯನ್ನು ಹೇಗೆ ತಿರುಗಿಸುತ್ತವೆಂಬುದಕ್ಕೆ ಅಲ್ಲಿ ತಕ್ಕ ಸ್ಥಾನವಿಲ್ಲ. ದಾಂತವಾಲರಂಥ ಕೃಷಿಪಂಡಿತರು ಅದೇ ಶಾಲೆಯಲ್ಲಿದ್ದೂ ಒಬ್ಬರ ವಿದ್ಯೆ ಇನ್ನೊಬ್ಬರ ಪುಸ್ತಕಕ್ಕೆ ಇಳಿಯಬೇಕಾದಷ್ಟು ಇಳಿಯಲಿಲ್ಲ. ಶೈಲಿಯ ವಿಷಯವನ್ನೂ ಹೇಳಬೇಕು. ವಕೀಲರು ಒಬ್ಬರೇ ಬರೆದಾಗಿನ ನೇರತನ ಇಲ್ಲಿ ಕಾಣುವುದಿಲ್ಲ. ಬ್ರಹ್ಮಾನಂದರ ವಾಕ್ಯಗಳು ದಟ್ಟವಾದವು, ಪರಿಭಾಷೆ ಅವರ ಸ್ವಂತದ್ದು. ಓದುಗನಿಗೆ ಕೈನೀಡುವ ತಾಳ್ಮೆ ಅವರಿಗಿಲ್ಲ. ಯೋಜನಾ ಆಯೋಗದವರು ಪುಸ್ತಕವನ್ನು ಬದಿಗಿಟ್ಟುದಕ್ಕೆ ಅದರ ವಾದದಂತೆ ಅದರ ಗದ್ಯವೂ ಸ್ವಲ್ಪ ಕಾರಣವಾಗಿರಬಹುದು.

ಬ್ರಹ್ಮಾನಂದರು ಮಾತ್ರ ವಿಚಾರವನ್ನು ಬಿಡಲಿಲ್ಲ. ಕೇಂಬ್ರಿಜ್ಜಿನ ಸ್ರಾಫಾ ಅವರ 1960ರ ಗ್ರಂಥದಲ್ಲಿ ರಿಕಾರ್ಡೋವಿನ ಹಳೆಯ ಶಾಸ್ತ್ರ ಹೊಸ ಜೀವ ಪಡೆದುದನ್ನು ಕಂಡು, ತಮ್ಮ ವೇತನ ಸರಕಿನ ತತ್ತ್ವಕ್ಕೆ ಅಲ್ಲಿ ಬೇರು ಹುಡುಕಿದರು; ಆ ವಿಚಾರದ ಅವರ ಪುಸ್ತಕ 1967ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದಲೇ ಪ್ರಕಟವಾಯಿತು. 1974ರಲ್ಲಿ ವೇತನ ಸರಕಿನ ಆರ್ಥಿಕತೆಯ ಯೋಜನೆಯನ್ನು ಕುರಿತು ಮತ್ತೊಂದು ಗ್ರಂಥ ಬಂದಿತು. ಸಂಸ್ಥೆಯ ಚರಿತ್ರೆಯಲ್ಲಿ ಅತ್ಯಂತ ಚರ್ಚಾಸ್ಪದವಾದ ಘಟನೆ ನಡೆದದ್ದೂ ಅದೇ ವರ್ಷ.

1972-73ರ ಬರ, 1973ರ ತೈಲದ ಬೆಲೆಯೇರಿಕೆ ಇವುಗಳಿಂದ 1973-74ರಲ್ಲಿ ಸಗಟು ಬೆಲೆಗಳು ಶೇಕಡಾ 20ರಷ್ಟು ಏರಿದ್ದವು; ಮರುವರ್ಷ ಇನ್ನೂ 25ರಷ್ಟು ಏರಿದವು. ವಕೀಲ್ ಮತ್ತು ಬ್ರಹ್ಮಾನಂದರ ಮುಂದಾಳುತನದಲ್ಲಿ ನೂರಕ್ಕೂ ಮಿಕ್ಕಿದ ಅರ್ಥಶಾಸ್ತ್ರಜ್ಞರು ಪ್ರಧಾನಿ ಇಂದಿರಾ ಗಾಂಧಿಯವರಿಗೆ ಒಂದು ಜ್ಞಾಪನಪತ್ರವನ್ನು ಸಲ್ಲಿಸಿದರು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿದರೆ ‘ಸೆಮಿಬೋಂಬ್ಲಾ’ ಎಂದಾಗುತ್ತದೆ. ಹೆಸರಿಡುವುದರಲ್ಲಿ ವಿದ್ವಾಂಸರಿಗೆ ಇಷ್ಟೊಂದು ಉತ್ಸಾಹವಿರಬಾರದಿತ್ತು. ಚಲಾವಣೆಯಲ್ಲಿರುವ ಹಣದ ಒಂದು ಭಾಗವನ್ನು ಕಟ್ಟಿಹಾಕಿ, ಅದಕ್ಕೆ ಬದಲಾಗಿ ಬಾಂಡು ಪದಕಗಳನ್ನೂ ತಡೆಹಿಡಿದ ಆಸ್ತಿಪತ್ರಗಳನ್ನೂ ಕೊಡಬೇಕು. ಹಾಗೆ ಬೇಡಿಕೆಯ ಉಸಿರು ಕಟ್ಟಿಸಿದರೆ ಬೆಲೆ ಇಳಿಯುತ್ತದೆ ಎಂಬುದು ಅದರ ತಿರುಳು.

ಆ ತಿರುಳು ಆಚರಣೆಗೆ ಬರಲಿಲ್ಲ. ರೈಲ್ವೆ ಮುಷ್ಕರವನ್ನು ಮುರಿದ ಎರಡು ತಿಂಗಳಿಗೆ, 1974ರ ಜುಲೈಯಲ್ಲಿ, ಸರಕಾರ ಸುಗ್ರೀವಾಜ್ಞೆಗಳನ್ನು ಹೊರಡಿಸಿತು. ಸಂಬಳದ ಹೆಚ್ಚಳವನ್ನು ಪೂರ್ತಿಯಾಗಿಯೂ ಹೆಚ್ಚುವರಿ ತುಟ್ಟಿಭತ್ತೆಯ ಅರ್ಧವನ್ನೂ ಕಡ್ಡಾಯ ಠೇವಣಿಯಾಗಿ ಹಿಡಿದು, ಮುಂದೆ ಕಂತುಗಳಲ್ಲಿ ಬಡ್ಡಿಸಹಿತ ಹಿಂದಿರುಗಿಸುವ ಏರ್ಪಾಡು ಒಂದು. ಕಂಪನಿಗಳ ಲಾಭಾಂಶಕ್ಕೆ ಮಿತಿ ಇನ್ನೊಂದು. ವರ್ಷಕ್ಕೆ 15,000 ರೂಪಾಯಿಗೆ ಮೀರಿದ ವರಮಾನದವರಿಂದ ಕಡ್ಡಾಯ ಠೇವಣಿ ಮತ್ತೊಂದು. ರಿಜರ್ವ್ ಬ್ಯಾಂಕು ತನ್ನ ದರವನ್ನು ಶೇಕಡಾ 7ರಿಂದ 9ಕ್ಕೆ ಏರಿಸಿತು. ವಿದ್ವಾಂಸರು ಕೊಟ್ಟ ಸಲಹೆಯಿಂದ ಆಡಳಿತ ಯಾವುದನ್ನು ಆರಿಸಿಕೊಳ್ಳುತ್ತದೆಂಬುದಕ್ಕೆ ಇದು ಪಾಠಯೋಗ್ಯವಾದ ಉದಾಹರಣೆ. ಪೆಟ್ಟಿಗೆಯಲ್ಲಿ ಬಚ್ಚಿಟ್ಟ ನೋಟನ್ನು ಹುಡುಕುವುದು ಕಷ್ಟ. ಸಂಬಳದ ಪಟ್ಟಿಯಲ್ಲಿ ಮುರಿದುಕೊಳ್ಳುವುದು ಸುಲಭ. ಗುಮಾಸ್ತನೂ ಗಿರಣಿಯ ಕೆಲಸಗಾರನೂ ಪಟ್ಟಿಯಲ್ಲಿದ್ದರು. ಧಾನ್ಯದ ಮಳಿಗೆಯವನು ಇರಲಿಲ್ಲ.

1956ರ ಪುಸ್ತಕಕ್ಕೂ 1974ರ ಪತ್ರಕ್ಕೂ ನಡುವೆ ಇರುವ ಅಂತರ ಇಲ್ಲಿಯೇ ಎದ್ದು ತೋರುತ್ತದೆ. ಮೊದಲನೆಯದರಲ್ಲಿ ಕೇಂದ್ರವೆಂದರೆ ಧಾನ್ಯ, ಎರಡನೆಯದರಲ್ಲಿ ನಾಣ್ಯ. ಮೊದಲನೆಯದರಲ್ಲಿ ಕೂಲಿಯೆಂದರೆ ಕೆಲಸಗಾರನ ತಟ್ಟೆಗೆ ಬೀಳುವ ಅನ್ನ; ಎರಡನೆಯದರ ಗಾಳಿಯಲ್ಲಿ ಕೂಲಿಯೆಂದರೆ ಪೇಟೆಗೆ ನುಗ್ಗುವ, ಆದುದರಿಂದ ತಡೆಯಬೇಕಾದ, ಹಣ. ಹಣದುಬ್ಬರವೇ ಬಡವನ ತಟ್ಟೆಯಿಂದ ಅನ್ನ ಕಸಿಯುವುದರಿಂದ ಎರಡೂ ಒಂದೇ ಎಂದು ಆ ಪಂಥದವರು ವಾದಿಸಬಹುದು. ವಾದದಲ್ಲಿ ಸತ್ಯವೂ ಇದೆ. ಬೆಲೆಯೇರಿಕೆಯ ವೇಗ 1974ರ ಸೆಪ್ಟೆಂಬರಿನಲ್ಲಿ ತುದಿ ಮುಟ್ಟಿ, ಅಲ್ಲಿಂದ ಬೆಲೆಗಳು ಇಳಿಯತೊಡಗಿದವು. ಆಗಿನ್ನೂ ದೊಡ್ಡ ಸುಗ್ಗಿ ಬಂದಿರಲಿಲ್ಲವಾದುದರಿಂದ ಹಣವನ್ನು ಬಿಗಿದ ಕ್ರಮಗಳಿಗೆ ಇದರ ಶ್ರೇಯಸ್ಸಿನ ಒಂದು ಪಾಲು ಸಲ್ಲಲೇಬೇಕು. ಆದರೆ 1975-76ರಲ್ಲಿ ಬೆಲೆಗಳು ಶೇಕಡಾ ಒಂದರಷ್ಟು ಕೆಳಗೇ ನಿಂತುದಕ್ಕೆ ಕಾರಣವೇನು? ಆ ವರ್ಷ ಒಳ್ಳೆಯ ಮಳೆಯಾಗಿ ಧಾನ್ಯದ ಉತ್ಪತ್ತಿ ಹಿಂದಿನ ವರ್ಷದ ಸುಮಾರು 10 ಕೋಟಿ ಟನ್ನಿನಿಂದ 12.1 ಕೋಟಿಗೆ ಏರಿದ್ದಿತು. 1956ರ ವಕೀಲ್-ಬ್ರಹ್ಮಾನಂದರನ್ನು ಕೇಳಿದ್ದರೆ ಅವರು ಸುಗ್ಗಿಯನ್ನೇ ತೋರಿಸುತ್ತಿದ್ದರು. 1974ರ ಜಯವನ್ನು ಹಣದ ನಿಯಂತ್ರಣದ ಜಯವೆಂದೇ ಹಾಡುವ ಅನುಯಾಯಿಗಳು ಗುರುಗಳ ಉತ್ತಮ ಗ್ರಂಥವನ್ನು ಅವರ ಪ್ರಸಿದ್ಧ ಪತ್ರದ ಕೆಳಗೆ ಹೂತಿದ್ದಾರೆ.

ಹಣವನ್ನು ಕಟ್ಟಿಹಾಕುವ ಆಸೆ ಆಡಳಿತದಲ್ಲಿ ಆಮೇಲೂ ಉಳಿಯಿತು. 1978ರ ಜನವರಿಯಲ್ಲಿ 1,000, 5,000 ಮತ್ತು 10,000 ರೂಪಾಯಿಗಳ ನೋಟುಗಳು ರದ್ದಾದವು. ಸಾಮಾನ್ಯರ ಕೈಯಲ್ಲಿ ಅಂಥ ನೋಟು ಇರಲಿಲ್ಲವಾದುದರಿಂದ ಗದ್ದಲವಾಗಲಿಲ್ಲ. 2016ರ ನವೆಂಬರ್ 8ರಂದು ರದ್ದಾದ ನೋಟುಗಳಾದರೋ ಚಲಾವಣೆಯ ಮೌಲ್ಯದಲ್ಲಿ ಶೇಕಡಾ 86ರಷ್ಟಿದ್ದವು. ಬ್ಯಾಂಕಿನ ಕಟಕಟೆಯ ಒಳಗಿದ್ದವರೂ ಹೊರಗೆ ಸಾಲುನಿಂತವರೂ ಆ ಐವತ್ತು ದಿನಗಳನ್ನು ಮರೆತಿರಲಾರರು. ಕೊನೆಗೆ ಶೇಕಡಾ 99.3ರಷ್ಟು ನೋಟುಗಳು ಹಿಂದಿರುಗಿದವೆಂದು ರಿಜರ್ವ್ ಬ್ಯಾಂಕು 2018ರಲ್ಲಿ ಲೆಕ್ಕ ಒಪ್ಪಿಸಿತು. 1974ರ ಪತ್ರದಲ್ಲಿ, ಅದರ ದೋಷಗಳೇನೇ ಇರಲಿ, ಲೆಕ್ಕಾಚಾರವಿದ್ದಿತು, ಹಿಡಿದ ಹಣಕ್ಕೆ ಪ್ರತಿಫಲದ ಮಾತಿದ್ದಿತು, ಕೆಳಗೆ ರುಜು ಹಾಕಿದ ವಿದ್ವಾಂಸರ ಹೆಸರುಗಳಿದ್ದವು. ಅವರನ್ನು ಹೆಸರು ಹಿಡಿದು ಟೀಕಿಸಬಹುದಾಗಿದ್ದಿತು, ಜನ ಟೀಕಿಸಿದರು ಕೂಡ. 2016ರಲ್ಲಿ ಅಂಥ ಸೌಕರ್ಯ ಯಾರಿಗೂ ದೊರೆಯಲಿಲ್ಲ.

ಇದಕ್ಕೆ ವಿಶ್ವವಿದ್ಯಾಲಯಗಳೂ ಭಾಗಶಃ ಹೊಣೆ. ಮುಂಬಯಿಯ ವಿಭಾಗವನ್ನು ಅನುದಾನ ಆಯೋಗ ಒಮ್ಮೆ ಸಾರ್ವಜನಿಕ ಹಣಕಾಸು ಮತ್ತು ಔದ್ಯಮಿಕ ಅರ್ಥಶಾಸ್ತ್ರದ ಉನ್ನತ ಅಧ್ಯಯನ ಕೇಂದ್ರವೆಂದು ಮನ್ನಿಸಿದ್ದಿತು. ರಿಜರ್ವ್ ಬ್ಯಾಂಕಿನ ದತ್ತಿಯೂ ಅಲ್ಲಿಗೆ ಸಂದಿದೆ. ಆದರೆ 1987ರಲ್ಲಿ ಅದೇ ರಿಜರ್ವ್ ಬ್ಯಾಂಕು ಗೋರೆಗಾಂವಿನಲ್ಲಿ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನ ಸಂಸ್ಥೆಯನ್ನು ಪ್ರತ್ಯೇಕವಾಗಿ ಸ್ಥಾಪಿಸಿತು. ರಾವ್ ಅವರು ದಿಲ್ಲಿಯಲ್ಲಿ ಬೋಧನೆಗೊಂದು, ಸಂಶೋಧನೆಗೊಂದು ಮನೆ ಕಟ್ಟಿದಾಗ ಆರಂಭವಾದ ಪದ್ಧತಿಯೇ ಇಲ್ಲಿಯೂ ಮುಂದುವರಿಯಿತೆನ್ನಬೇಕು. ಪದ್ಧತಿಯ ಲಾಭ ಸ್ಪಷ್ಟ: ಸಂಶೋಧಕನಿಗೆ ಪರೀಕ್ಷೆಯ ಉತ್ತರಪತ್ರಿಕೆಗಳ ಕಾಟವಿಲ್ಲ. ನಷ್ಟ ಕಣ್ಣಿಗೆ ಬೇಗ ಬೀಳುವುದಿಲ್ಲ. ವಕೀಲರ ಕಾಲದಲ್ಲಿ ಆಯವ್ಯಯಪತ್ರವನ್ನು ಬಿಡಿಸಿ ಸರಕಾರವನ್ನು ಪ್ರಶ್ನಿಸುತ್ತಿದ್ದ ಪ್ರಾಧ್ಯಾಪಕನೇ ಮರುದಿನ ತರಗತಿಯಲ್ಲಿ ನಿಂತು ಹುಡುಗರ ಪ್ರಶ್ನೆಗೆ ಉತ್ತರ ಕೊಡಬೇಕಾಗಿದ್ದಿತು. ರಾವ್ ಅವರೂ ಬ್ರಹ್ಮಾನಂದರೂ ಸಿದ್ಧರಾದದ್ದು ಅಂಥ ತರಗತಿಯಲ್ಲಿ. ಬರಿಯ ಸಂಶೋಧನಸಂಸ್ಥೆಯ ವರದಿಗೆ ಅಂಥ ಎದುರಾಳಿ ಇರುವುದಿಲ್ಲ. ಅದನ್ನು ಬರೆಯಿಸಿದ ಇಲಾಖೆಯೇ ಬಹುಮಟ್ಟಿಗೆ ಅದರ ಓದುಗ.

ಕನ್ನಡದ ಮಾತನ್ನೂ ಆಡದೆ ಬಿಡುವಂತಿಲ್ಲ. ರಾವ್, ಶೆಣೈ, ಬ್ರಹ್ಮಾನಂದ ಈ ಮೂವರ ಪ್ರಧಾನ ಕೃತಿಗಳೆಲ್ಲ ಇಂಗ್ಲಿಷಿನಲ್ಲಿವೆ. ಅವರು ಯಾರೊಡನೆ ವಾದಿಸುತ್ತಿದ್ದರೋ ಅವರಿಗೆ ಕನ್ನಡ ಬಾರದಿದ್ದುದರಿಂದ ಇದನ್ನು ದೋಷವೆನ್ನಲಾಗದು. ಆದರೆ ಹೊರನಾಡಿನ ಬ್ಯಾಂಕು, ವಿಮಾಸಂಸ್ಥೆ, ಕಾಲೇಜುಗಳಲ್ಲಿ ಕುಳಿತ ಕನ್ನಡ ಪದವೀಧರರ ಸಂಖ್ಯೆ ಅಲ್ಪವೇನೂ ಅಲ್ಲ. ಕಾವ್ಯಮೀಮಾಂಸೆಯನ್ನೂ ಶಾಸನಗಳನ್ನೂ ಕುರಿತು ಪುಟಗಟ್ಟಲೆ ಬರೆಯುವ ಈ ವರ್ಗ, ತನ್ನವನೇ ಒಬ್ಬನು ಕಟ್ಟಿದ ಸಿದ್ಧಾಂತವನ್ನು ತನ್ನ ಭಾಷೆಯಲ್ಲಿ ಪರೀಕ್ಷಿಸುವ ಗೋಜಿಗೆ ಹೋಗಲಿಲ್ಲ. ಬ್ರಹ್ಮಾನಂದರು 2003ರಲ್ಲಿ ತೀರಿಕೊಳ್ಳುವ ಎರಡು ವರ್ಷ ಮೊದಲು ಹತ್ತೊಂಬತ್ತನೆಯ ಶತಮಾನದ ಭಾರತದ ಹಣ, ವರಮಾನ, ಬೆಲೆಗಳನ್ನು ಕುರಿತ ಬೃಹದ್ಗ್ರಂಥವನ್ನು ಪ್ರಕಟಿಸಿದ್ದರು. ವಕೀಲರು 1924ರಲ್ಲಿ ಹಿಡಿದ ಜಾಡೇ ಅದು. ಶಿಷ್ಯನು ಗುರುವಿನ ಆ ಪುಸ್ತಕದ ಕಾಲಕ್ಕೆ ಹಿಂದಿರುಗಿದ್ದನು.

ವೇತನ ಸರಕಿನ ವಿಚಾರಕ್ಕೆ ಪರೀಕ್ಷೆಯ ಸಂದರ್ಭಗಳು ಕಡಿಮೆಯಾಗಿಲ್ಲ. 1977ರಲ್ಲಿ ಉಗ್ರಾಣಗಳು ತುಂಬಿದ್ದಾಗ ಕೇಂದ್ರ ಸರಕಾರ ಕೂಲಿಗಾಗಿ ಕಾಳು ಯೋಜನೆಯನ್ನು ತಂದು, ರಸ್ತೆ ಕೆರೆಗಳ ಕೆಲಸಕ್ಕೆ ಧಾನ್ಯವನ್ನೇ ಕೂಲಿಯಾಗಿ ಕೊಟ್ಟಿತು. 1956ರ ಪುಸ್ತಕದ ಒಂದು ಪುಟವೇ ಆಚರಣೆಗೆ ಬಂದಂತಾಯಿತು. ಕರ್ನಾಟಕದಲ್ಲಿ ಪ್ರಶ್ನೆ ಬೇರೊಂದು ರೂಪದಲ್ಲಿ ಎದುರಾಯಿತು. 2023ರಲ್ಲಿ ರಾಜ್ಯ ಸರಕಾರ ಅನ್ನಭಾಗ್ಯದಡಿ ತಲೆಗೆ ಐದು ಕಿಲೋ ಹೆಚ್ಚು ಅಕ್ಕಿ ಕೊಡುವುದಾಗಿ ಸಾರಿ, ಅದಕ್ಕೆ ಹಣವನ್ನೂ ತೆಗೆದಿರಿಸಿತು. ಕೇಂದ್ರದ ಆಹಾರ ನಿಗಮದಿಂದ ಅಕ್ಕಿ ದೊರೆಯಲಿಲ್ಲ. ಬೇರೆ ರಾಜ್ಯಗಳಲ್ಲಿ ವಿಚಾರಿಸಿದರೂ ಬೇಕಾದ ಪ್ರಮಾಣ, ಬೇಕಾದ ಬೆಲೆಗೆ ಸಿಗಲಿಲ್ಲ. ಆ ವರ್ಷದ ಜುಲೈಯಿಂದ ಕಿಲೋವಿಗೆ 34 ರೂಪಾಯಿಯಂತೆ ತಲೆಗೆ ತಿಂಗಳಿಗೆ 170 ರೂಪಾಯಿಗಳನ್ನು ಬ್ಯಾಂಕಿನ ಖಾತೆಗಳಿಗೆ ಜಮೆ ಮಾಡಲಾಯಿತು. ಹಣ ಬಂದ ಮನೆಗಳಿಗೆ ಅಕ್ಕಿ ಎಷ್ಟು ಬಂದಿತು, ಪೇಟೆಯ ಧಾರಣೆ ಎಷ್ಟು ಮೇಲೆ ಹೋಯಿತು ಎಂಬುದನ್ನು ತಾಲ್ಲೂಕು ತಾಲ್ಲೂಕಿಗೆ ಲೆಕ್ಕ ಹಾಕುವ ಕೆಲಸ ಕಲೀನಾದ ವಿದ್ಯಾರ್ಥಿಯೊಬ್ಬನ ಪ್ರಬಂಧಕ್ಕೆ ಯೋಗ್ಯವಾಗಿತ್ತು. 2025ರ ಫೆಬ್ರವರಿಯಲ್ಲಿ ಹಣದ ಬದಲು ಅಕ್ಕಿಯನ್ನೇ ಕೊಡುವುದೆಂದು ಸರಕಾರ ತೀರ್ಮಾನಿಸಿತು.